ಅಮ್ಮನ ಜನ್ಮಲಗ್ನ ಸರಿಹೋದ ಬಗೆ: ಜಾತಕದ ಜಾಲತಾಣಗಳೊಂದಿಗೆ ಹನ್ನೆರಡು ವರ್ಷ

ಆಸ್ಟ್ರೋ ಡಾಟ್ ಕಾಮ್ ತಾಣವನ್ನು ನಾನು ಹನ್ನೆರಡು ವರ್ಷಗಳಿಂದ ಬಳಸುತ್ತಿದ್ದೇನೆ, ದಿನದ ಪಂಚಾಂಗ ತೋರಿಸುವ ದೃಕ್ ಪಂಚಾಂಗ ತಾಣವನ್ನು ಸುಮಾರು ಒಂಬತ್ತು ವರ್ಷಗಳಿಂದ. ವೃತ್ತಿಯಲ್ಲಿ ಗಣಿತದ ಶಿಕ್ಷಕಿ. ಜ್ಯೋತಿಷ ನನಗೆ ಮನೆಯಿಂದ ಬಂದ ಆಸಕ್ತಿ. ಫಲ ಹೇಳುವ ತಾಣಗಳಿಗೆ ಲೆಕ್ಕವಿಲ್ಲ, ಆದರೆ ಲೆಕ್ಕವನ್ನು ತೆರೆದಿಟ್ಟು ತೋರಿಸುವ ತಾಣಗಳು ಕೆಲವೇ. ನಾನು ಬರೆಯುತ್ತಿರುವುದು ಆ ಕೆಲವನ್ನು ಕುರಿತು.

ಎಲ್ಲ ಶುರುವಾದದ್ದು ಅಮ್ಮನ ಜಾತಕದಿಂದ. ಅಮ್ಮ ಹುಟ್ಟಿದ್ದು ಸಾಗರದಲ್ಲಿ, 1944ರ ನವೆಂಬರ್‌ನಲ್ಲಿ. ಪುರೋಹಿತರು ಬರೆದ ಹಾಳೆಯಲ್ಲಿ ತಾರಣ ಸಂವತ್ಸರ, ಕಾರ್ತಿಕ ಬಹುಳ, ಉದಯಾದಿ ಗತ ಘಟಿ 4 ವಿಘಟಿ 30, ವೃಶ್ಚಿಕ ಲಗ್ನ ಎಂದಿತ್ತು. ಉದಯಾದಿ ಗತ ಘಟಿ ಎಂದರೆ ಸೂರ್ಯೋದಯದಿಂದ ಕಳೆದ ಹೊತ್ತು, ಲಗ್ನವೆಂದರೆ ಹುಟ್ಟಿದ ಹೊತ್ತಿಗೆ ಮೂಡಲಲ್ಲಿ ಉದಯಿಸುತ್ತಿದ್ದ ರಾಶಿ. ಅಜ್ಜ ಅದೇ ದಿನ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದದ್ದು 'ಬೆಳಿಗ್ಗೆ 9-15' ಎಂದು. ಒಂದು ಘಟಿಗೆ 24 ನಿಮಿಷ, ನಾಲ್ಕೂವರೆ ಘಟಿಗೆ ಒಂದು ಗಂಟೆ ನಲವತ್ತೆಂಟು ನಿಮಿಷ. ಆ ದಿನಗಳಲ್ಲಿ ಸಾಗರದಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ಕೂಡಿಸಿದರೆ ಎಂಟೂಕಾಲು ಆಗುತ್ತದೆಯೇ ಹೊರತು ಒಂಬತ್ತೂಕಾಲು ಆಗುವುದಿಲ್ಲ. ಅಜ್ಜನೇ ತಪ್ಪು ಬರೆದಿರಬೇಕು ಎಂದು ಮನೆಯವರೆಲ್ಲ ಬಹಳ ಕಾಲ ನಂಬಿದ್ದರು. ಅಜ್ಜನ ಸಮಯವನ್ನು ಬೇರೊಂದು ತಾಣಕ್ಕೆ ಕೊಟ್ಟಾಗ ಲಗ್ನ ಧನುವಿಗೆ ಹೋಯಿತು. ಹಾಗಾದರೆ ಪುರೋಹಿತರದ್ದೇ ತಪ್ಪೋ ಎಂಬ ಇನ್ನೊಂದು ಅನುಮಾನ ಹುಟ್ಟಿಕೊಂಡಿತು.

ಒಂದು ರಾತ್ರಿ ಅದೇ ಸಮಯವನ್ನು ಆಸ್ಟ್ರೋ ಡಾಟ್ ಕಾಮ್‌ಗೆ ಕೊಟ್ಟೆ. ಕುಂಡಲಿಯ ಪಕ್ಕದಲ್ಲಿ ಅದು ವಿಶ್ವಮಾನ ಸಮಯವನ್ನೂ, ಅಂದರೆ ಗ್ರೀನ್‌ವಿಚ್ ಸಮಯವನ್ನೂ, ತೋರಿಸುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. 9:15ರಲ್ಲಿ ಐದೂವರೆ ಗಂಟೆ ಕಳೆದರೆ 3:45 ಬರಬೇಕು. ಅಲ್ಲಿದ್ದದ್ದು 2:45. ನಾನೇ ತಪ್ಪು ಒತ್ತಿದೆನೇನೋ ಎಂದು ಮೂರು ಸಲ ಮತ್ತೆ ತುಂಬಿದೆ. ಆಮೇಲೆ ಹುಡುಕಿದಾಗ ಕಾರಣ ತಿಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವಿನವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಅಜ್ಜ ಗಡಿಯಾರ ನೋಡಿ ಬರೆದಿದ್ದರು, ಪುರೋಹಿತರು ಸೂರ್ಯನನ್ನು ನೋಡಿ ಬರೆದಿದ್ದರು. ಇಬ್ಬರೂ ಸರಿ. ಲಗ್ನ ವೃಶ್ಚಿಕಕ್ಕೇ ಬಂದು ನಿಂತಿತು. ಬೆಳಿಗ್ಗೆ ಅಮ್ಮನಿಗೆ ಇದನ್ನು ಹೇಳಿದಾಗ ಅವರು ಅಜ್ಜನ ಪುಸ್ತಕವನ್ನು ತೆಗೆದು ಆ ಸಾಲಿನ ಮೇಲೆ ಕೈಯಾಡಿಸಿದರು. ನಿಮ್ಮ ಮನೆಯಲ್ಲಿ ಆ ಮೂರು ವರ್ಷಗಳಲ್ಲಿ ಹುಟ್ಟಿದ ಹಿರಿಯರಿದ್ದರೆ ಅವರ ಜಾತಕವನ್ನು ದಯವಿಟ್ಟು ಒಮ್ಮೆ ಹೀಗೆ ಪರಿಶೀಲಿಸಿ.

ಈ ತಾಣವನ್ನು ನಡೆಸುವುದು ಸ್ವಿಟ್ಜರ್ಲೆಂಡಿನ ಆಸ್ಟ್ರೋಡೀನ್ಸ್ಟ್ ಎಂಬ ಸಂಸ್ಥೆ. ಇದರ ಗಣಿತದ ಬುನಾದಿಯಾದ ಸ್ವಿಸ್ ಎಫೆಮೆರಿಸ್ 1997ರಲ್ಲಿ ಹೊರಬಂತು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಗ್ರಹಗಣಿತವೇ ಅದರ ಮೂಲ. ಸುಮಾರು ಮೂವತ್ತು ಸಾವಿರ ವರ್ಷಗಳ ಗ್ರಹಸ್ಥಾನಗಳು ಅದರಲ್ಲಿ ಸಿಗುತ್ತವೆ. ಹೊಸಬರು ಒಂದು ವಿಷಯವನ್ನು ಮರೆಯಬಾರದು: ತಾಣ ತಾನಾಗಿ ತೋರಿಸುವುದು ಸಾಯನ ಕುಂಡಲಿಯನ್ನು, ಅಂದರೆ ವಿಷುವದ ಬಿಂದುವಿನಿಂದ ರಾಶಿಗಳನ್ನು ಎಣಿಸುವ ಪಾಶ್ಚಾತ್ಯ ಪದ್ಧತಿಯದನ್ನು. ನಮ್ಮ ಪದ್ಧತಿಗೆ ವಿಸ್ತೃತ ಆಯ್ಕೆಯ ಪುಟಕ್ಕೆ ಹೋಗಿ ನಿರಯನವನ್ನೂ (ನಕ್ಷತ್ರಗಳಿಂದ ಎಣಿಸುವ ಪದ್ಧತಿ) ಅಯನಾಂಶವನ್ನೂ (ಎರಡು ಎಣಿಕೆಗಳ ನಡುವಿನ ಡಿಗ್ರಿಗಳ ಅಂತರ) ಆರಿಸಿಕೊಳ್ಳಬೇಕು. 2020ರ ಡಿಸೆಂಬರ್ 21ರಂದು ಗುರು ಶನಿಗಳು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಹತ್ತಿರ ಬಂದಾಗ ಇದೇ ತಾಣ ಮೊದಲು ಕುಂಭ ಎಂದಿತು, ನಿರಯನ ಆರಿಸಿದ ಮೇಲೆ ಮಕರ ಎಂದಿತು. ಅಂದು ಸಂಜೆ ಮಹಡಿಯ ಮೇಲೆ ನಿಂತು ಪಡುವಣದಲ್ಲಿ ಆ ಜೋಡಿಯನ್ನು ಕಣ್ಣಾರೆ ನೋಡಿದ್ದು ಬೇರೆಯದೇ ಸುಖ.

ಅಯನಾಂಶದ ಪಟ್ಟಿಯಲ್ಲಿ ಬೆಂಗಳೂರಿನ ಜ್ಯೋತಿಷಿ ಬಿ. ವಿ. ರಾಮನ್ ಅವರ ಹೆಸರನ್ನು ಕಂಡಾಗ ನನಗೆ ಆದ ಸಂತೋಷವನ್ನು ಹೇಳಲೇಬೇಕು. ಅದರ ಜೊತೆಗೇ ಲಾಹಿರಿ ಇದೆ, ಅಂದರೆ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿದ, ಚಿತ್ರಾ ನಕ್ಷತ್ರವನ್ನು ಆಧರಿಸಿದ ಚಿತ್ರಾಪಕ್ಷ ಅಯನಾಂಶ. ಎರಡರ ನಡುವಿನ ಅಂತರ ಒಂದೂವರೆ ಡಿಗ್ರಿಗೂ ಕಡಿಮೆ. ಆದರೆ ಚಂದ್ರ ಶುಕ್ರನ ನಕ್ಷತ್ರದಲ್ಲಿದ್ದರೆ ಇಷ್ಟರಿಂದಲೇ ಇಪ್ಪತ್ತು ವರ್ಷದ ಶುಕ್ರದಶೆಯ (ಆ ಗ್ರಹ ಫಲ ಕೊಡುವ ಅವಧಿಯ) ಶಿಷ್ಟ, ಅಂದರೆ ಹುಟ್ಟುವಾಗ ಉಳಿದಿದ್ದ ಭಾಗ, ಎರಡು ವರ್ಷಕ್ಕೂ ಮಿಕ್ಕಿ ಆಚೀಚೆ ಆಗುತ್ತದೆ. ಯಾವ ಅಯನಾಂಶ ಎಂದು ಹೇಳದೆ ದಶೆಯ ದಿನಾಂಕ ಕೊಡುವ ತಾಣವನ್ನು ನಾನು ಅಲ್ಲಿಗೇ ಮುಚ್ಚುತ್ತೇನೆ.

ದೃಕ್ ಪಂಚಾಂಗ ದಿನಬಳಕೆಗೆ. ಕನ್ನಡದಲ್ಲಿದೆ, ಊರನ್ನು ಆರಿಸಿದರೆ ಅಲ್ಲಿಯ ಸೂರ್ಯೋದಯಕ್ಕೆ ತಕ್ಕಂತೆ ತಿಥಿ, ನಕ್ಷತ್ರ, ರಾಹುಕಾಲಗಳನ್ನು ಕೊಡುತ್ತದೆ. ನನ್ನ ತಂಗಿ ನ್ಯೂಜೆರ್ಸಿಗೆ ಹೋದ ಹೊಸತರಲ್ಲಿ ಸೋಮವಾರದ ರಾಹುಕಾಲವನ್ನು ಬಾಯಿಪಾಠದಂತೆ ಏಳೂವರೆಯಿಂದ ಒಂಬತ್ತು ಎಂದೇ ಹಿಡಿಯುತ್ತಿದ್ದಳು. ಆ ಪಾಠ ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗುವ ದಿನದ್ದು. ಹಗಲನ್ನು ಎಂಟು ಭಾಗ ಮಾಡಿದಾಗ ಬರುವ ಎರಡನೆಯ ಭಾಗ ಸೋಮವಾರದ ರಾಹುಕಾಲ. ಜೂನ್ ಕೊನೆಯಲ್ಲಿ ಅವಳ ಊರಿನಲ್ಲಿ ಹಗಲು ಹದಿನೈದು ಗಂಟೆ, ಹಾಗಾಗಿ ರಾಹುಕಾಲವೇ ಎರಡು ಗಂಟೆಯ ಹತ್ತಿರ ಬರುತ್ತದೆ. ಡಿಸೆಂಬರ್‌ನಲ್ಲಿ ಅದು ಒಂದು ಗಂಟೆ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಶುರುವಾಗುವುದೂ ಎಂಟೂವರೆಯ ಹೊತ್ತಿಗೆ. ಏಕಾದಶಿಯೂ ಹಾಗೆಯೇ, ಕೆಲವೊಮ್ಮೆ ನಮಗಿಂತ ಒಂದು ದಿನ ಮೊದಲು ಅಲ್ಲಿ ಬರುತ್ತದೆ. ಈಗ ಅವಳು ಅಲ್ಲಿಯ ಪಂಚಾಂಗವನ್ನೇ ನೋಡುತ್ತಾಳೆ. ಆದರೂ ಮನೆಯ ಹಬ್ಬಕ್ಕೆ, ಶ್ರಾದ್ಧಕ್ಕೆ ನಾನು ಅನುಸರಿಸುವುದು ನಮ್ಮ ಪುರೋಹಿತರ ಮುದ್ರಿತ ಪಂಚಾಂಗವನ್ನು. ಮನೆತನದ ಪದ್ಧತಿಯನ್ನು ಯಾವ ತಾಣವೂ ಬಲ್ಲದಲ್ಲ.

ಕಹಿ ಅನುಭವವೂ ಇದೆ. ಒಂದು ಆ್ಯಪ್‌ಗೆ ಮೊಬೈಲ್ ಸಂಖ್ಯೆ ಕೊಟ್ಟ ಮರುದಿನದಿಂದಲೇ ಪರಿಹಾರ ಪೂಜೆಗೆ ಹಣ ಕೇಳುವ ಕರೆಗಳು ಬರತೊಡಗಿದವು. ಸುಮ್ಮನೆ ಪರೀಕ್ಷಿಸಲೆಂದು ಬೇರೆ ಬೇರೆ ವರ್ಷಗಳ ನಾಲ್ಕು ಜನ್ಮದಿನಗಳನ್ನು ತುಂಬಿದೆ. ನಾಲ್ಕಕ್ಕೂ ಸರ್ಪದೋಷ ಬಂತು. ಮಗಳ ಮದುವೆಯ ಚಿಂತೆಯಲ್ಲಿರುವ ತಾಯಿಯೊಬ್ಬಳು ಅದನ್ನು ನೋಡಿದರೆ ಅವಳ ಮನಸ್ಸಿಗೆ ಏನಾದೀತು ಎಂದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಜಾತಕ ಹಾಕಲು ಹುಟ್ಟಿದ ದಿನ, ಸಮಯ, ಊರು ಸಾಕು. ಮೊಬೈಲ್ ಸಂಖ್ಯೆ ಬೇಡ.

ಇನ್ನು ನನಗೆ ಅತ್ಯಂತ ಪ್ರಿಯವಾದದ್ದು ಆಸ್ಟ್ರೋ ಡೇಟಾಬ್ಯಾಂಕ್. ಅಮೆರಿಕದ ಲೋಯಿಸ್ ರಾಡೆನ್ ಎಂಬಾಕೆ ಪ್ರಸಿದ್ಧರ ಜನ್ಮವಿವರಗಳನ್ನು ಜೀವನವಿಡೀ ಕಲೆಹಾಕಿದರು. ಆ ಸಂಗ್ರಹವೇ ಇದಕ್ಕೆ ಮೂಲ, 2008ರಿಂದ ಅದು ಆಸ್ಟ್ರೋಡೀನ್ಸ್ಟ್‌ನ ಬಳಿ ಇದೆ. ಪ್ರತಿ ಜನ್ಮಸಮಯಕ್ಕೂ ಅಲ್ಲಿ ಒಂದು ದರ್ಜೆ ಇರುತ್ತದೆ. ಜನನ ದಾಖಲೆ ಇದ್ದರೆ ಎಎ. ಮನೆಯವರ ನೆನಪಾದರೆ ಎ. ಯಾರು ಹೇಳಿದರೆಂದೇ ತಿಳಿಯದಿದ್ದರೆ ಸಿ. ಎರಡು ಮೂಲಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಡಿಡಿ. ಸಮಯವೇ ಗೊತ್ತಿಲ್ಲದಿದ್ದರೆ ಎಕ್ಸ್. ಭವಿಷ್ಯ ಹೇಳುವ ಮೊದಲು ಈ ಸಮಯ ನಿನಗೆ ಎಲ್ಲಿಂದ ಸಿಕ್ಕಿತು ಎಂದು ಕೇಳುವ ಈ ಶಿಸ್ತು ನನ್ನ ಮಟ್ಟಿಗೆ ದೊಡ್ಡದು.

ನಾನೂ ನಮ್ಮ ಮನೆಯ ಜಾತಕಗಳ ಮೂಲೆಯಲ್ಲಿ ಪೆನ್ಸಿಲ್‌ನಿಂದ ದರ್ಜೆ ಬರೆಯತೊಡಗಿದ್ದೇನೆ. ಅಮ್ಮನದ್ದನ್ನು ಅಜ್ಜ ಅದೇ ದಿನ ಬರೆದಿಟ್ಟಿದ್ದರು, ಹಾಗಾಗಿ ಎಎ. ನನ್ನದು ಅಮ್ಮನ ನೆನಪು, ಆದ್ದರಿಂದ ಎ. ಅಣ್ಣನದ್ದಕ್ಕೆ ಸದ್ಯ ಡಿಡಿ: ಅಪ್ಪ ಹೇಳುತ್ತಿದ್ದದ್ದು ಮಧ್ಯರಾತ್ರಿಗೆ ಮೊದಲು ಎಂದು, ಅಮ್ಮ ಹೇಳುವುದು ಆಮೇಲೆ ಎಂದು. ಅವನು ಹುಟ್ಟಿದ ಆಸ್ಪತ್ರೆಯ ಹಳೆಯ ದಾಖಲೆಗಾಗಿ ಅರ್ಜಿ ಬರೆದಿಟ್ಟಿದ್ದೇನೆ, ರಜೆ ಸಿಕ್ಕಿದೊಡನೆ ಕೊಟ್ಟು ಬರಬೇಕು.