ಬೇರು ಬರಿಸುವ ಹಾರ್ಮೋನ್ ಪುಡಿ: ಪುಣೆಯ ಬಾಲ್ಕನಿಯಲ್ಲಿ ಮೂರು ವರ್ಷಗಳ ಬಳಕೆ

ಕೋಥರೂಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ ದಾಸವಾಳ, ಗುಲಾಬಿ ಮತ್ತು ಧಾರವಾಡದ ತವರುಮನೆಯಿಂದ ತಂದ ದುಂಡುಮಲ್ಲಿಗೆಯ ಕಡ್ಡಿಗಳಿಗೆ ಈ ಪುಡಿಯನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಇದರಲ್ಲಿರುವುದು ಆಕ್ಸಿನ್ ಎಂಬ, ಗಿಡದ ಬೆಳವಣಿಗೆಯನ್ನು ನಡೆಸುವ ಹಾರ್ಮೋನ್‌ಗಳ ಗುಂಪಿಗೆ ಸೇರಿದ ಇಂಡೋಲ್ ಬ್ಯುಟಿರಿಕ್ ಆಮ್ಲ. ಚಿಗುರಿನಲ್ಲಿ ಹುಟ್ಟುವ ಸಹಜ ಆಕ್ಸಿನ್ ಕಾಂಡದಲ್ಲಿ ಕೆಳಗಿಳಿದು, ಕತ್ತರಿಸಿದ ಬುಡದಲ್ಲಿ ಶೇಖರವಾಗಿ, ಅಲ್ಲಿಯ ಜೀವಕೋಶಗಳನ್ನು ಬೇರಿನ ಕಡೆಗೆ ತಿರುಗಿಸುತ್ತದೆ. ಪುಡಿ ಅದೇ ಕೆಲಸಕ್ಕೆ ಬಲ ಕೊಡುತ್ತದೆ.

ಮೊದಲ ಮಳೆಗಾಲದಲ್ಲಿ ನೆಟ್ಟ ಹತ್ತು ದಾಸವಾಳದ ಕಡ್ಡಿಗಳಲ್ಲಿ ಎಂಟು ಬೇರು ಬಿಟ್ಟವು. ಅದೇ ಡಬ್ಬಿಯ ಪುಡಿ ಹಚ್ಚಿ, ಅದೇ ತಾಯಿಗಿಡದ ಕಡ್ಡಿಗಳನ್ನು ಡಿಸೆಂಬರಿನಲ್ಲಿ ನೆಟ್ಟಾಗ ಆರು ವಾರ ಕಳೆದರೂ ಬೇರಿನ ಸುಳಿವಿರಲಿಲ್ಲ. ಒಂದನ್ನು ಮೆಲ್ಲಗೆ ಕಿತ್ತು ನೋಡಿದೆ: ಬುಡದಲ್ಲಿ ಜೋಳದ ಅರಳಿನಂಥ ಬಿಳಿಯ ಗಂಟು ಕಟ್ಟಿತ್ತು, ಅಂದರೆ ಗಾಯ ಮುಚ್ಚಿತ್ತು, ಬೇರು ಮಾತ್ರ ಮೂಡಿರಲಿಲ್ಲ. ಹೆಚ್ಚಿನ ಅಲಂಕಾರಿಕ ಗಿಡಗಳ ಕಡ್ಡಿಗಳು ಬೇರು ಬಿಡಲು ಬುಡದ ಮಣ್ಣು 21ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಪುಣೆಯ ಚಳಿಗಾಲದ ರಾತ್ರಿಗಳಲ್ಲಿ ಅದು ಸಿಗುವುದಿಲ್ಲ. ಉಳಿದ ಕುಂಡಗಳನ್ನು ಒಳಗೆ ತಂದು, ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ 24 ಡಿಗ್ರಿಯಲ್ಲಿ ಕಾಯ್ದುಕೊಂಡ ಮೇಲೆ ಮೂರು ಕಡ್ಡಿಗಳ ಆ ಗಂಟಿನ ಪಕ್ಕದಿಂದಲೇ ದಾರದೆಳೆಯಂಥ ಬೇರುಗಳು ಹೊರಟವು. ಏಪ್ರಿಲ್‌ನಲ್ಲಿ ತೊಂದರೆಯೇ ಬೇರೆ: ಬೇರು ಬರುವ ಮುಂಚೆಯೇ ಎಲೆಗಳು ನೀರು ಕಳೆದುಕೊಂಡು ಬಾಡುತ್ತವೆ, ಬಾಡಿದ್ದಕ್ಕೆ ನೀರು ಹೆಚ್ಚಿಸಿದರೆ ಬುಡ ಕೊಳೆಯುತ್ತದೆ.

ಹೆಚ್ಚು ಹಚ್ಚಿದರೆ ಹೆಚ್ಚು ಬೇರು ಎಂಬುದು ತಪ್ಪು. ಆಕ್ಸಿನ್ ಮತ್ತು ಚಿಗುರನ್ನು ಪ್ರೇರಿಸುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನ್‌ಗಳ ಪ್ರಮಾಣದ ಅನುಪಾತವೇ ಬೇರು ಬರಬೇಕೋ ಚಿಗುರು ಬರಬೇಕೋ ಎಂಬುದನ್ನು ನಿರ್ಧರಿಸುತ್ತದೆಂದು ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದರು. ನಾನು ಎರಡೆರಡು ಸಲ ಪುಡಿಯಲ್ಲಿ ಅದ್ದಿ ನೆಟ್ಟ ಗುಲಾಬಿ ಕಡ್ಡಿಗಳ ಚಿಗುರುಮೊಗ್ಗುಗಳು ತಿಂಗಳುಗಟ್ಟಲೆ ಕಣ್ಣೇ ಬಿಡಲಿಲ್ಲ.

ತಯಾರಕರ ಮೇಲೆ ನನಗಿರುವ ದೂರು ಗಂಭೀರವಾದದ್ದು. ಎಳೆಯ ಕಡ್ಡಿಗೆ ಪುಡಿಯಲ್ಲಿ ಈ ಹಾರ್ಮೋನ್ ಶೇ 0.1ರಷ್ಟು ಸಾಕು, ಬಲಿತ ಕಡ್ಡಿಗೆ ಶೇ 0.8ರವರೆಗೂ ಬಳಸುವುದುಂಟು, ಆದರೆ ಡಬ್ಬಿಯ ಮೇಲೆ ಪ್ರಮಾಣವನ್ನೂ ತಯಾರಾದ ತಿಂಗಳನ್ನೂ ಮುದ್ರಿಸಿಲ್ಲ. ಬೆಳಕು ಮತ್ತು ಶಾಖಕ್ಕೆ ಈ ಹಾರ್ಮೋನ್ ಕೆಡುವುದರಿಂದ ನಾನು ಡಬ್ಬಿಯನ್ನು ಫ್ರಿಜ್ಜಿನಲ್ಲಿಡುತ್ತೇನೆ, ಬೇಕಾದಷ್ಟನ್ನೇ ಕಾಗದದ ಮೇಲೆ ಸುರಿದುಕೊಂಡು, ಉಳಿದದ್ದನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ. ಮೊನ್ನೆ ಜನವರಿಯಲ್ಲಿ ಪಕ್ಕದ ಮನೆಯ ಬೆಳಗಾವಿಯ ಕಾಕೂ ಮಲ್ಲಿಗೆಯ ಕಡ್ಡಿ ಕೇಳಿದಾಗ, ಪುಡಿಯೊಡನೆ ಜೂನ್‌ನಲ್ಲಿ ಕೊಡುತ್ತೇನೆಂದು ಹೇಳಿದ್ದೇನೆ.