ರೊವನಿಯೆಮಿ, ಟ್ರೋಮ್ಸೋ, ಅಬಿಸ್ಕೊ: ಹಿಮದ ರಜೆಗೆ ಯಾವುದು?

ಉತ್ತರಕ್ಕೆ ಹೋದಷ್ಟೂ ಚಳಿ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಮೂರು ಊರುಗಳ ಮಟ್ಟಿಗೆ ಅದು ತಲೆಕೆಳಗು. ಮೂರರಲ್ಲಿ ಎಲ್ಲಕ್ಕಿಂತ ಉತ್ತರದಲ್ಲಿರುವುದು ನಾರ್ವೆಯ ಟ್ರೋಮ್ಸೋ. ಆರ್ಕ್ಟಿಕ್ ವೃತ್ತದಿಂದ ಇನ್ನೂ ಸುಮಾರು 350 ಕಿ.ಮೀ. ಮೇಲಿದೆ. ಆದರೂ ಅಲ್ಲಿ ಜನವರಿಯ ಸರಾಸರಿ ಮೈನಸ್ 3-4 ಡಿಗ್ರಿ ಅಷ್ಟೇ. ದಕ್ಷಿಣದ ತುದಿಗಿರುವುದು ಫಿನ್ಲೆಂಡಿನ ರೊವನಿಯೆಮಿ. ಅಲ್ಲಿ ಮೈನಸ್ 25 ಬಂದರೂ ಊರಿನವರು ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಾರೆ. ಟ್ರೋಮ್ಸೋಗೆ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಬರುತ್ತದೆ, ಅದರ ಜೊತೆಗೇ ಮೋಡವೂ ಬರುತ್ತದೆ. ರೊವನಿಯೆಮಿಗೆ ಸಮುದ್ರ ದೂರ. ಸ್ವೀಡನ್ನಿನ ಅಬಿಸ್ಕೊ ಬೆಟ್ಟಗಳ ಮರೆಯಲ್ಲಿದೆ. ಎಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ.

ಬರೀ ಹಿಮ ಬೇಕಾದರೆ ರೊವನಿಯೆಮಿಗೆ ಸಾಟಿಯಿಲ್ಲ. ಅಲ್ಲಿಯ ಹಿಮ ಒಣ, ಕೈಯಲ್ಲಿ ಹಿಡಿದರೆ ರವೆ ಸುರಿದ ಹಾಗೆ ಸುರಿಯುತ್ತದೆ. ಅದರಲ್ಲಿ ಉಂಡೆ ಕಟ್ಟಲು ಹೋದ ಮಗಳಿಗೆ ಸಿಟ್ಟು ಬಂದಿದ್ದೇ ಬಂದಿದ್ದು. ಬಟ್ಟೆ ಒದ್ದೆಯಾಗುವುದಿಲ್ಲವಾದ್ದರಿಂದ ಆ ಚಳಿಯನ್ನು ತಡೆದುಕೊಳ್ಳಬಹುದು. ಒಳಗೆ ಉಣ್ಣೆಯ ಥರ್ಮಲ್ ಇರಲಿ, ಹತ್ತಿ ಬಟ್ಟೆ ಬೇಡ. ಹಸ್ಕಿ ನಾಯಿಗಳ ಗಾಡಿಗೋ ಸ್ನೋಮೊಬೈಲಿಗೋ ಬುಕ್ ಮಾಡಿದರೆ ದಪ್ಪ ಸೂಟು, ಬೂಟು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಹಾಗಾಗಿ ಬೆಂಗಳೂರಲ್ಲೇ ಸಾವಿರಾರು ರೂಪಾಯಿ ಸುರಿದು ಜಾಕೆಟ್ ಕೊಳ್ಳುವ ಮೊದಲು ಅವರನ್ನು ಒಮ್ಮೆ ಕೇಳಿ. ಫೋನನ್ನು ಮಾತ್ರ ಒಳ ಜೇಬಿನಲ್ಲಿಡಿ. ಆ ಚಳಿಗೆ ಬ್ಯಾಟರಿ ನೋಡನೋಡುತ್ತಲೇ ಸಾಯುತ್ತದೆ.

ಸಾಂಟಾ ಕ್ಲಾಸ್ ವಿಲೇಜ್ ಊರಿಂದ ಸುಮಾರು 8 ಕಿ.ಮೀ. ಒಳಗೆ ಹೋಗಲು ದುಡ್ಡಿಲ್ಲ, ಒಳಗೆ ಹೋದ ಮೇಲೆ ಎಲ್ಲದಕ್ಕೂ ದುಡ್ಡು. ಸಾಂಟಾ ಜೊತೆ ಮಾತು ಉಚಿತ, ಫೋಟೋ ಬೇಕಾದರೆ ಪರ್ಸ್ ತೆಗೆಯಬೇಕು. ನನಗೆ ಹಿಡಿಸಿದ್ದು ಅಲ್ಲಿನ ಅಂಚೆ ಕಚೇರಿ. ಆರ್ಕ್ಟಿಕ್ ವೃತ್ತದ ಮುದ್ರೆ ಒತ್ತಿ ಕಾಗದ ಕಳಿಸುತ್ತಾರೆ. ಮುಂದಿನ ಕ್ರಿಸ್‌ಮಸ್‌ಗೆ ತಲುಪಬೇಕಾದ ಕಾಗದಕ್ಕೆ ಬೇರೆ ಡಬ್ಬಿಯೇ ಇದೆ. ಊರು ನೋಡಲು ಸಪ್ಪೆ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಯ ಕಾಲದಲ್ಲಿ ಸುಟ್ಟುಹೋಗಿದ್ದನ್ನು ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಮತ್ತೆ ಯೋಜಿಸಿದರು, ರಸ್ತೆಗಳ ನಕ್ಷೆ ಹಿಮಸಾರಂಗದ ಕೊಂಬಿನ ಆಕಾರದ್ದು. ಆ ಕೊಂಬು ವಿಮಾನದಲ್ಲಿ ಹೋಗುವವರಿಗೆ ಕಾಣಬಹುದೇನೋ, ನಡೆಯುವವರಿಗೆ ಕಾಣುವುದು ಕಾಂಕ್ರೀಟು. ಚಳಿ ತೀರಾ ಹೆಚ್ಚಾದ ದಿನ ಆರ್ಕ್ಟಿಕುಮ್ ಮ್ಯೂಸಿಯಂ ಒಳಗಿರಿ, ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಟ್ರೋಮ್ಸೋ ನಿಜವಾದ ಊರು. ಬಂದರು, ಕಾಫಿ ಅಂಗಡಿಗಳು, ಸುತ್ತ ಸಮುದ್ರದಿಂದಲೇ ಎದ್ದ ಬೆಟ್ಟಗಳು. ಮೂರರಲ್ಲಿ ಚಂದದ ಊರು ಯಾವುದು ಅಂದರೆ ಯೋಚಿಸದೆ ಇದನ್ನೇ ಹೇಳುತ್ತೇನೆ. ಹಿಮದ ರಜೆಗೆ ಅಂದರೆ ಮಾತ್ರ ಹಿಂದೆಮುಂದೆ ನೋಡುತ್ತೇನೆ. ನಡುಚಳಿಗಾಲದಲ್ಲೂ ಅಲ್ಲಿ ಮಳೆ ಬರುತ್ತದೆ. ಮಳೆ ಬಿದ್ದ ಹಿಮ ರಾತ್ರಿ ಗಟ್ಟಿಯಾಗಿ ಫುಟ್‌ಪಾತೆಲ್ಲ ಗಾಜು. ಊರಿನ ಅಜ್ಜಿಯರೇ ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕಿಕೊಂಡು ಓಡಾಡುತ್ತಾರೆ. ನೀವೂ ಇಳಿದ ದಿನವೇ ಕೊಂಡುಬಿಡಿ. ನಮ್ಮತ್ತೆ ಅದನ್ನು ಹಾಕಿಕೊಂಡ ಮೇಲೂ ಯಾರದಾದರೂ ತೋಳು ಹಿಡಿಯದೆ ಹೆಜ್ಜೆ ಇಡಲಿಲ್ಲ.

ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಾಗಂತ ಪೂರ್ತಿ ಕತ್ತಲೂ ಅಲ್ಲ. ಮಧ್ಯಾಹ್ನದ ಆಸುಪಾಸು ಒಂದೆರಡು ಗಂಟೆ ನೀಲಿ, ಗುಲಾಬಿ ಬೆಳಕು ಇರುತ್ತದೆ. 421 ಮೀಟರಿನ ಸ್ಟೋರ್‌ಸ್ಟೈನೆನ್ ಬೆಟ್ಟಕ್ಕೆ ಕೇಬಲ್ ಕಾರ್ ಹತ್ತುವುದು ಆ ಹೊತ್ತಿಗೆ ಸರಿ. ತಿಮಿಂಗಿಲ ನೋಡಲು ದೋಣಿಯಲ್ಲಿ ಶೆರ್ವೋಯ್ ಕಡೆಗೆ ಗಂಟೆಗಟ್ಟಲೆ ಹೋಗಬೇಕು. ಹೆರಿಂಗ್ ಮೀನಿನ ಬೆನ್ನು ಹತ್ತಿ ಓರ್ಕಾ ತಿಮಿಂಗಿಲಗಳು ಅಲ್ಲಿಗೆ ಬರುತ್ತವೆ. ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ. ನಮ್ಮದು ಒಮ್ಮೆ ರದ್ದಾಯಿತು, ಮರುದಿನ ಹೋದೆವು. ಹೊಟ್ಟೆ ತೊಳಸಿತು ನಿಜ, ಆದರೆ ಅವುಗಳ ಬೆನ್ನಿನ ಕಪ್ಪು ಈಜುರೆಕ್ಕೆಗಳು ಸಾಲಾಗಿ ನೀರು ಸೀಳಿಕೊಂಡು ಬಂದಾಗ ಯಾರಿಗೂ ಅದರ ನೆನಪೇ ಇರಲಿಲ್ಲ.

ಟ್ರೋಮ್ಸೋದಲ್ಲಿ ನಾರ್ದರ್ನ್ ಲೈಟ್ಸ್, ಅಂದರೆ ರಾತ್ರಿ ಆಕಾಶದಲ್ಲಿ ಹರಡುವ ಬಣ್ಣದ ಬೆಳಕು (ಅರೋರಾ), ನೋಡುವುದು ಮಿನಿಬಸ್ಸಿನ ಕೆಲಸ. ಮೋಡ ಕವಿದ ರಾತ್ರಿ ಗೈಡುಗಳು ಒಳನಾಡಿಗೆ, ಕೆಲವೊಮ್ಮೆ ಫಿನ್ಲೆಂಡ್ ಗಡಿಯವರೆಗೂ ಓಡಿಸುತ್ತಾರೆ. ರೂಮಿಗೆ ವಾಪಸ್ ಬರುವುದು ನಡುರಾತ್ರಿ ದಾಟಿದ ಮೇಲೆ. ಮಕ್ಕಳು, ವಯಸ್ಸಾದವರು ಇದ್ದರೆ ಯೋಚಿಸಿ.

ಅಬಿಸ್ಕೊದಲ್ಲಿ ಈ ಓಡಾಟವೇ ಬೇಡ. ಪಶ್ಚಿಮದಿಂದ ಬರುವ ಮೋಡ ನಾರ್ವೆ ಗಡಿಯ ಬೆಟ್ಟಗಳ ಮೇಲೇ ಖಾಲಿಯಾಗುತ್ತದೆ. ಆಗುಂಬೆ ಕಡೆ ಸುರಿದು ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಮಳೆ ಮುಗಿಯುತ್ತದಲ್ವಾ, ಅದೇ ಲೆಕ್ಕ. ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಅಕ್ಕಪಕ್ಕಕ್ಕಿಂತ ಜಾಸ್ತಿ ರಾತ್ರಿ ಆಕಾಶ ತೆರೆದಿರುತ್ತದೆ. ನೂಲ್ಯಾ ಬೆಟ್ಟದ ಮೇಲಿನ ಅರೋರಾ ಸ್ಕೈ ಸ್ಟೇಷನ್‌ಗೆ ಚೇರ್‌ಲಿಫ್ಟ್ ಇದೆ, ಟಿಕೆಟ್ ದುಬಾರಿ. ಸರೋವರದ ದಡಕ್ಕೆ ನಡೆದರೂ ಅದೇ ಆಕಾಶ, ಪುಕ್ಕಟೆ. ನಮಗೆ ಕಂಡಿದ್ದು ಅಲ್ಲಿಂದಲೇ. ಹಸಿರು ಪಟ್ಟಿ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಹರಡಿತು, ಅಂಚಿನಲ್ಲಿ ಸ್ವಲ್ಪ ಕೆಂಪು. ಫೋಟೋಗಳಲ್ಲಿ ಕಾಣುವಷ್ಟು ಗಾಢ ಬಣ್ಣ ಕಣ್ಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲ ಅನ್ನುವುದು ಮೊದಲೇ ಗೊತ್ತಿರಲಿ.

ಹಗಲು ಮಾತ್ರ ಅಬಿಸ್ಕೊದಲ್ಲಿ ನಡಿಗೆ, ಸ್ಕೀ ಬಿಟ್ಟರೆ ಹೆಚ್ಚೇನಿಲ್ಲ. ಹದಿಹರೆಯದವರಿಗೆ ಬೇಜಾರಾದೀತು. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ನೇರ ಅಲ್ಲಿಗೇ ಬರುತ್ತದೆ. ಆದರೆ ಅದೇ ಹಳಿಯ ಮೇಲೆ ಕಿರುನಾದ ಕಬ್ಬಿಣದ ಅದಿರೂ ಓಡುತ್ತದೆ. 2023ರ ಡಿಸೆಂಬರಿನಲ್ಲಿ ಅದಿರಿನ ಗೂಡ್ಸ್ ಹಳಿ ತಪ್ಪಿ ಆ ಮಾರ್ಗ ವಾರಗಟ್ಟಲೆ ಬಂದ್ ಆಗಿತ್ತು. ವಾಪಸ್ ವಿಮಾನಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹೆಲ್ಸಿಂಕಿಯಿಂದ ರೊವನಿಯೆಮಿಗೆ ಹೋಗುವ ರಾತ್ರಿ ರೈಲೂ ಚೆನ್ನಾಗಿದೆ, ಸುಮಾರು 12 ಗಂಟೆ. ಟ್ರೋಮ್ಸೋಗೆ ರೈಲೇ ಇಲ್ಲ.

ಊಟದಲ್ಲಿ ಸಸ್ಯಾಹಾರಿಗಳ ಪಾಡು ಮೂರೂ ಕಡೆ ಅಷ್ಟಕ್ಕಷ್ಟೇ. ಟ್ರೋಮ್ಸೋದಲ್ಲಿ ಆಯ್ಕೆ ಇದೆ, ಬಿಲ್ ನೋಡಿದರೆ ಹಸಿವು ಹೋಗುತ್ತದೆ. ಅಡುಗೆಮನೆ ಇರುವ ರೂಮು ಹಿಡಿದರೆ ನೆಮ್ಮದಿ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ನಮ್ಮನ್ನು ಕಾಪಾಡಿದವು. ತುಪ್ಪದ ಡಬ್ಬಿ ಮನೆಯಲ್ಲೇ ಬಿಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯೂರೋಪಿನಲ್ಲಿ ಅವಕಾಶವಿಲ್ಲ. ಷೆಂಗೆನ್ ವೀಸಾ ಒಂದೇ ಮೂರಕ್ಕೂ ಸಾಕು.

ಕ್ರಿಸ್‌ಮಸ್ ರಜೆಯೊಂದೇ ಸಿಗುವ ಮಕ್ಕಳೊಂದಿಗರಿಗೆ ನಾನು ರೊವನಿಯೆಮಿ ಅನ್ನುತ್ತೇನೆ. ಆ ವಾರ ಹೋಟೆಲ್ ದರ ಆಕಾಶಕ್ಕೇರಿರುತ್ತದೆ, ಬೇಗ ಬುಕ್ ಮಾಡಿ. ಪರೀಕ್ಷೆಯ ಗೊಡವೆ ಇಲ್ಲದವರು ಮಾರ್ಚ್‌ನಲ್ಲಿ ಅಬಿಸ್ಕೊಗೆ ಹೋಗಿ. ಹಿಮ ಇನ್ನೂ ಆಳವಾಗಿರುತ್ತದೆ, ಹಗಲೂ ಉದ್ದ, ರಾತ್ರಿಯೂ ಸಾಕಷ್ಟು ಕತ್ತಲು. ಟ್ರೋಮ್ಸೋಗೆ ನವೆಂಬರ್ ಕೊನೆಯಲ್ಲಿ ತಿಮಿಂಗಿಲಕ್ಕಂತಲೇ ಹೋಗಿ, ಆಕಾಶದಲ್ಲಿ ಏನಾದರೂ ಕಂಡರೆ ಅದು ಲಾಭ.