ಒಂದೇ ಸೀರೆ ಅಂಗಡಿ, ಮೂರು ಬಗೆಯ ಸೇವೆಗಳು: ಸೋಪ್, ರೆಸ್ಟ್, ಜಿಆರ್‌ಪಿಸಿ

ಬಾಗಲಕೋಟೆಯ ನವನಗರದ ಬಾಡಿಗೆ ಕೋಣೆಯಲ್ಲಿ ಕುಳಿತು ಒಂದೇ ತಂತ್ರಾಂಶವನ್ನು ಮೂರು ಸಲ ಬರೆದೆ. ಸೋಪ್, ರೆಸ್ಟ್, ಜಿಆರ್‌ಪಿಸಿ ಎಂದರೆ ಒಂದು ತಂತ್ರಾಂಶ ಇನ್ನೊಂದರ ಜೊತೆ ಜಾಲದ ಮೂಲಕ ಮಾತಾಡುವ ಮೂರು ವಿಧಾನಗಳು; ಪ್ರತಿ ಸಲ ಒಂದೊಂದನ್ನು ಬಳಸಿದೆ. ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿ ಸೇವಾ ಆಧಾರಿತ ವಿನ್ಯಾಸ (ತಂತ್ರಾಂಶವನ್ನು ‘ಸೇವೆ’ಗಳೆಂಬ ಬೇರೆ ಬೇರೆ ಭಾಗಗಳಾಗಿ ಒಡೆದು ಕಟ್ಟುವ ಕ್ರಮ) ಓದುವಾಗ ವ್ಯಾಖ್ಯೆಗಳೆಲ್ಲ ಬಾಯಿಪಾಠವಾಗಿದ್ದವು. ಅಂಕಗಳೂ ಬಂದವು. ಆದರೆ ಒಂದು ಸೇವೆಯ ಹೊಣೆ ಎಲ್ಲಿ ಮುಗಿಯಬೇಕು, ಇನ್ನೊಂದರದು ಎಲ್ಲಿ ಶುರುವಾಗಬೇಕು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಇಳಕಲ್ಲಿನ ನನ್ನ ಮಾಮನ ಸೀರೆ ಅಂಗಡಿಯನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ಮೊದಲು ಉತ್ಸಾಹದಲ್ಲಿ ಏಳು ಸೇವೆಗಳಾಗಿ ಒಡೆದೆ. ಒಂದು ಬಿಲ್ಲು ಹುಟ್ಟಲು ಐದು ಸೇವೆಗಳು ಎದ್ದು ನಿಲ್ಲಬೇಕಾದಾಗ ಬುದ್ಧಿ ಬಂತು. ಕೊನೆಗೆ ಉಳಿದದ್ದು ಮೂರು: ದಾಸ್ತಾನು, ಆರ್ಡರ್, ಬಿಲ್ಲು. ಮೊದಲೆರಡನ್ನು ನಾನು ಜಾವಾ ಭಾಷೆಯಲ್ಲಿ ಬರೆದೆ, ಬಿಲ್ಲನ್ನು ಸಹಪಾಠಿ ಪೈಥಾನ್‌ನಲ್ಲಿ ಬರೆದ.

ಮೊದಲು ಸೋಪ್. ಇದರ 1.2ನೆಯ ಆವೃತ್ತಿ 2003ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಗಿ ಹೊರಬಂತು. ‘ಹಳೆಯದು, ಬಿಟ್ಟುಬಿಡು’ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಶುರುವಿನ ಎರಡು ದಿನ ಅವರ ಮಾತೇ ನಿಜವೆನಿಸಿತು. ಲ್ಯಾಬ್ ಕೈಪಿಡಿ ಜಾವಾ 8ಕ್ಕೆ ಬರೆದದ್ದು; ಸೋಪ್‌ಗೆ ಬೇಕಾದ ಜಾಕ್ಸ್-ಡಬ್ಲ್ಯೂಎಸ್ ಎಂಬ ಲೈಬ್ರರಿಯನ್ನು 2018ರ ಜಾವಾ 11ರಿಂದಲೇ ತೆಗೆದುಹಾಕಲಾಗಿದೆ. ಕೈಪಿಡಿಯ ಆಜ್ಞೆ ನನ್ನ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ. ಬೇಕಾದ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಸೇರಿಸಿಕೊಂಡ ಮೇಲೆ ಕೆಲಸ ಸಾಗಿತು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಡಬ್ಲ್ಯೂಎಸ್‌ಡಿಎಲ್ ಎಂಬ, ಸೇವೆಯ ಒಪ್ಪಂದ ಬರೆದಿಡುವ ಕಡತದಲ್ಲಿ ದಾಸ್ತಾನು ಸೇವೆ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ, ತಪ್ಪಾದರೆ ಏನು ಹೇಳುತ್ತದೆ ಎಂದು ಬರೆದು ಸಹಪಾಠಿಗೆ ಕಳಿಸಿದೆ. ನನ್ನ ಸೇವೆಯ ಒಳಗೆ ಇನ್ನೂ ಒಂದು ಸಾಲೂ ಇರಲಿಲ್ಲ. ಅವನು ಆ ಕಡತವೊಂದನ್ನೇ ಹಿಡಿದು ತನ್ನ ಪೈಥಾನ್ ಸಂಕೇತವನ್ನು (ಕೋಡ್) ಪೂರ್ತಿ ಮಾಡಿದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದುದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಮಾಮನ ಮನೆಯಲ್ಲಿ ಚಿಕ್ಕಂದಿನಿಂದ ಅದನ್ನು ನೋಡಿದ್ದೆ. ಬೇರೆ ಬೇರೆ ಬರೆದ ಎರಡು ತುಂಡುಗಳನ್ನು ಕೂಡಿಸುವ ಅಂಥ ಕುಣಿಕೆಯೇ ಸೇವಾ ಒಪ್ಪಂದ ಎಂದು ನನಗೆ ತಿಳಿದದ್ದು ಆ ಸಂಜೆ.

ಆದರೂ ಆ ಒಪ್ಪಂದ ಒಂದು ದೊಡ್ಡ ತಪ್ಪನ್ನು ಹಿಡಿಯಲಿಲ್ಲ. ಸೀರೆಯ ‘ಉದ್ದ’ ಒಂದು ಸಂಖ್ಯೆ ಎಂದಷ್ಟೇ ಬರೆದಿದ್ದೆ. ನಾನು 6 ಎಂದು ಕಳಿಸಿದ್ದು ವಾರದ, ಅಂದರೆ ಗಜದ, ಲೆಕ್ಕದಲ್ಲಿ. ಸಹಪಾಠಿ ಅದನ್ನು ಮೀಟರ್ ಎಂದುಕೊಂಡ. ಆರು ವಾರವೆಂದರೆ ಸುಮಾರು ಐದೂವರೆ ಮೀಟರ್. ಬಿಲ್ಲು ನೋಡಿದ ಮಾಮ, “ಸೀರೆ ಎಂದರೆ ವಾರವೇ ಅಲ್ಲವೇನಪ್ಪ, ಈ ಮೀಟರ್ ಎಲ್ಲಿಂದ ಬಂತು?” ಎಂದರು. ಕಂಪ್ಯೂಟರ್ ಪರಿಶೀಲಿಸಿದ್ದು ಸಂಖ್ಯೆಯೋ ಅಕ್ಷರವೋ ಎಂಬುದನ್ನು ಮಾತ್ರ. ಅದರ ಅರ್ಥವನ್ನು ಒಪ್ಪಂದದಲ್ಲಿ ನಾವೇ ಬರೆದಿಡಬೇಕಿತ್ತು.

ಎರಡನೆಯದು ರೆಸ್ಟ್. ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಶೈಲಿ ಇದು. ಒಂದೇ ಮಧ್ಯಾಹ್ನದಲ್ಲಿ ದಾಸ್ತಾನು ಸೇವೆ ಉತ್ತರ ಕೊಡತೊಡಗಿತು. ಮೊಬೈಲಿನ ಬ್ರೌಸರ್‌ನಲ್ಲೇ ಸೀರೆಗಳ ಪಟ್ಟಿ ಕಂಡಾಗ ಆದ ಸಂತೋಷ ಸೋಪ್‌ನಲ್ಲಿ ಆಗಿರಲಿಲ್ಲ. ಆದರೆ ಈ ಸಲೀಸುತನಕ್ಕೆ ಬೆಲೆಯಿದೆ. ನಾನೊಂದು ರಾತ್ರಿ ‘ಪ್ರೈಸ್’ ಎಂಬ ಹೆಸರನ್ನು ‘ರೇಟ್’ ಎಂದು ಬದಲಿಸಿ ಮಲಗಿದೆ. ಯಾವ ಉಪಕರಣವೂ ತಡೆಯಲಿಲ್ಲ. ಬೆಳಿಗ್ಗೆ ಬಿಲ್ಲುಗಳೆಲ್ಲ ಸೊನ್ನೆ ರೂಪಾಯಿ. ಓಪನ್‌ಎಪಿಐ ಎಂಬ ಮಾದರಿಯಲ್ಲಿ ಸೇವೆಯ ಒಪ್ಪಂದದ ಕಡತ ಬರೆದು ಅದರ ಮೇಲೆ ಪರೀಕ್ಷೆ ನಡೆಸಿದ್ದರೆ ಇದು ಸಿಕ್ಕಿಬೀಳುತ್ತಿತ್ತು. ಬರೆಯಲೇಬೇಕೆಂಬ ಕಟ್ಟಳೆ ರೆಸ್ಟ್‌ನಲ್ಲಿ ಇಲ್ಲ, ಕಲಿಯುವವರು ಅದನ್ನು ಬಿಟ್ಟೇಬಿಡುತ್ತಾರೆ.

ರೆಸ್ಟ್ ನನಗೆ ಕಲಿಸಿದ ಪಾಠ ಬೇರೆಯದು. ಬಾಗಲಕೋಟೆಯಿಂದ ಹೋದ ಆರ್ಡರ್ ಇಳಕಲ್ಲಿಗೆ ತಲುಪಿತು. ಉತ್ತರ ಬರುವ ಮೊದಲೇ ಇಲ್ಲಿ ಇಂಟರ್‌ನೆಟ್ ಹೋಯಿತು. ಇಲ್ಲಿ ಆರ್ಡರ್ ಹಾಕುತ್ತಿದ್ದ ಅಂಗಡಿಯ ಹುಡುಗ ಮತ್ತೆ ಗುಂಡಿ ಒತ್ತಿದ. ಒಂದೇ ಸೀರೆಗೆ ಎರಡು ಆರ್ಡರ್ ದಾಖಲಾದವು. ಇದು ಮೂರೂ ವಿಧಾನಗಳಲ್ಲಿ ಆಗಬಹುದಾದ ತೊಂದರೆ. ಆದರೆ ರೆಸ್ಟ್‌ನಲ್ಲಿ ಅದಕ್ಕೆ ಪರಿಹಾರ ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯ ಕ್ರಿಯಾಪದಗಳಲ್ಲೇ ಅಡಗಿದೆ. ‘ಪೋಸ್ಟ್’ ಅನ್ನು ಎರಡು ಸಲ ಕಳಿಸಿದರೆ ಎರಡು ಆರ್ಡರ್ ಹುಟ್ಟಬಹುದು. ‘ಪುಟ್’ ಅನ್ನು ಎಷ್ಟು ಸಲ ಕಳಿಸಿದರೂ ಫಲ ಒಂದೇ ಆಗಿರಬೇಕು ಎಂಬುದು ನಿಯಮ. ಆರ್ಡರ್ ಸಂಖ್ಯೆಯನ್ನು ಬಾಗಲಕೋಟೆಯಲ್ಲೇ ಹುಟ್ಟಿಸಿ, ಆ ಸಂಖ್ಯೆಯ ವಿಳಾಸಕ್ಕೆ ‘ಪುಟ್’ ಕಳಿಸುವಂತೆ ಬದಲಿಸಿದೆ. ಮತ್ತೆ ಇಮ್ಮಡಿ ಆರ್ಡರ್ ಬರಲಿಲ್ಲ. ಈ ವ್ಯತ್ಯಾಸ ನನ್ನ ನೋಟ್ಸ್‌ನಲ್ಲಿ ಒಂದು ಸಾಲಾಗಿ ಇತ್ತು, ನಾನು ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೆ!

ಜಿಆರ್‌ಪಿಸಿಯ ಬಗ್ಗೆ ಹೇಳುವುದು ಕಡಿಮೆ. 2015ರಲ್ಲಿ ಗೂಗಲ್ ಮುಕ್ತವಾಗಿ ಬಿಡುಗಡೆ ಮಾಡಿದ ಇದು ಎಚ್‌ಟಿಟಿಪಿ/2ರ ಮೇಲೆ ಓಡುತ್ತದೆ. ಸೋಪ್‌ನಲ್ಲಿ ನಾನು ಮಾಡಿದಂತೆ ಇಲ್ಲೂ ಒಪ್ಪಂದವನ್ನೇ ಮೊದಲು ಬರೆದೆ, ಆದರೆ ಅದನ್ನು ಬರೆದಿಡುವ ಪ್ರೋಟೋ ಕಡತ ಓದಲು ಎಷ್ಟೋ ಹಗುರ. ಅದರಲ್ಲಿ ಪ್ರತಿ ಅಂಶಕ್ಕೂ ಒಂದು ಸಂಖ್ಯೆ ಇರುತ್ತದೆ; ಹೆಸರು ಬದಲಾದರೂ ಸಂಖ್ಯೆ ಬದಲಾಗಬಾರದು. ನನ್ನ ‘ರೇಟ್’ ಅವಾಂತರ ಇಲ್ಲಿ ಆಗುತ್ತಿರಲಿಲ್ಲ. ಆದರೆ ಬ್ರೌಸರ್‌ನಿಂದ ನೇರವಾಗಿ ಕರೆಯಲಾಗುವುದಿಲ್ಲ, ನಡುವೆ ಮಾತು ದಾಟಿಸುವ ಇನ್ನೊಂದು ತಂತ್ರಾಂಶ (ಪ್ರಾಕ್ಸಿ) ಬೇಕು. ಇನ್ನೊಂದು ಎಚ್ಚರ: ದಾಸ್ತಾನಿನ ಸಂಖ್ಯೆ ತುಂಬದೆ ಬಿಟ್ಟರೆ ಆಚೆ ಬದಿಗೆ ಸೊನ್ನೆ ಎಂದೇ ಕಾಣುತ್ತದೆ. ‘ಸೀರೆ ಇಲ್ಲ’ ಮತ್ತು ‘ಎಣಿಸಿಲ್ಲ’ ಎರಡೂ ಒಂದಾದರೆ ಅಂಗಡಿ ನಡೆಯುವುದಿಲ್ಲ. ಆ ಅಂಶವನ್ನು ‘ಆಪ್ಷನಲ್’ ಎಂದು ಗುರುತಿಸಿದ ಮೇಲೆ ಸರಿಹೋಯಿತು. ವೇಗ ಹೆಚ್ಚಿರುವುದು ನಿಜ, ಆದರೆ ದಿನಕ್ಕೆ ಹತ್ತಾರು ಆರ್ಡರ್‌ಗಳ ಅಂಗಡಿಗೆ ಆ ವೇಗ ಕಾಣಿಸಲೇ ಇಲ್ಲ.

ಮಾಮನ ಅಂಗಡಿಗೆ ನಾನು ಉಳಿಸಿಕೊಂಡದ್ದು ರೆಸ್ಟ್, ಜೊತೆಗೆ ಓಪನ್‌ಎಪಿಐ ಕಡತ. ಆದರೆ ಕಲಿಯುವ ಕ್ರಮದ ಬಗ್ಗೆ ಕಿರಿಯರು ಕೇಳಿದರೆ ಸೋಪ್‌ನಿಂದಲೇ ಶುರು ಮಾಡಿ ಎನ್ನುತ್ತೇನೆ. ಹದಿನಾಲ್ಕು ದಿನ ಸಾಕು, ಆದರೆ ಒಪ್ಪಂದವನ್ನು ಒಬ್ಬರು ಬರೆಯಲಿ, ಸಂಕೇತವನ್ನು ಇನ್ನೊಬ್ಬರು ಬೇರೆ ಭಾಷೆಯಲ್ಲಿ ಬರೆಯಲಿ. ಒಬ್ಬರೇ ಎರಡೂ ಬದಿ ಬರೆದರೆ ಮನಸ್ಸಿನಲ್ಲಿರುವುದು ಕಡತಕ್ಕೆ ಇಳಿಯುವುದೇ ಇಲ್ಲ. ನಮ್ಮ ಕಡತದಲ್ಲಿ ಈಗ ‘ಉದ್ದ’ ಎಂಬ ಅಂಶವಿಲ್ಲ. ಅದರ ಹೆಸರು ‘ಉದ್ದ_ವಾರಗಳಲ್ಲಿ’.